ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗ್‌ಗೆ ಹೋಗೋರು ಬೇಸಿಗೆ ಕ್ಯಾಂಪಸ್ ಪ್ರೋಗ್ರಾಂಗೆ ಹೇಗೆ ರೆಡಿ ಆಗ್ಬೇಕು

ಆರನೇ ಸೆಮ್ ಮುಗಿಸ್ಕೊಂಡು ಡಿಸಿಇಟಿ (ಡಿಪ್ಲೊಮಾದವರು ಇಂಜಿನಿಯರಿಂಗ್ ಸೀಟಿಗೆ ಬರೆಯೋ ಪ್ರವೇಶ ಪರೀಕ್ಷೆ) ಬರೆಯೋಕೆ ಕೂತಿರೋರು ಅಥವಾ ಬರೆದು ರಿಸಲ್ಟ್ ಕಾಯ್ತಿರೋರು, ಈ ಬೇಸಿಗೇಲಿ ಒಂದಲ್ಲ ಒಂದು ಇಂಜಿನಿಯರಿಂಗ್ ಕಾಲೇಜಿಂದ ನಿಮಗೆ ಫೋನೋ ವಾಟ್ಸಾಪ್ ಮೆಸೇಜೋ ಬಂದೇ ಬರುತ್ತೆ, ಬನ್ನಿ ನಮ್ಮ ಕ್ಯಾಂಪಸ್ ನೋಡಿ ಅಂತ. ಕೆಲವರು ಓಪನ್ ಹೌಸ್ ಅಂತಾರೆ, ಕೆಲವರು ಓರಿಯೆಂಟೇಷನ್ ಅಂತಾರೆ, ಕೆಲವು ಕಡೆ ಲ್ಯಾಬು, ಮ್ಯಾಥ್ಸ್ ಕ್ಲಾಸು ಎಲ್ಲಾ ಸೇರಿಸಿ ಎರಡ್ಮೂರು ದಿನ ಬ್ರಿಡ್ಜ್ ಪ್ರೋಗ್ರಾಂ ಅಂತ ಮಾಡ್ತಾರೆ. ಹೋಗಿ, ಬೇಡ ಅನ್ನಲ್ಲ. ಆದ್ರೆ ಕ್ಯಾಂಟೀನಲ್ಲಿ ಪಫ್ಸ್ ತಿಂದು ಗೇಟ್ ಮುಂದೆ ಸೆಲ್ಫಿ ತಗೊಂಡು ಬರೋಕಾದ್ರೆ ಹೋಗೋದು ದಂಡ. ಲ್ಯಾಟರಲ್ ಎಂಟ್ರಿಯವರು, ಅಂದ್ರೆ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಸೇರೋರು, ನೋಡ್ಬೇಕಾಗಿರೋದು ಬಿಲ್ಡಿಂಗ್ ಅಲ್ಲ, ಆ ಕಾಲೇಜಿನ ಮೂರನೇ ಸೆಮಿಸ್ಟರ್. ನಾವು ಸೇರೋದೇ ಅಲ್ಲಿಗೆ ಅಲ್ವಾ, ಪಿಯು ಮಾಡಿ ಬಂದೋರು ಒಂದು ವರ್ಷ ಒಟ್ಟಿಗೆ ಓದಿ ಅವರವರ ಗ್ಯಾಂಗ್ ಕಟ್ಕೊಂಡು ಕೂತಿರ್ತಾರೆ, ನಾವು ನಡುವೆ ಹೋಗಿ ಖಾಲಿ ಇರೋ ಬೆಂಚ್ ಹುಡುಕ್ಬೇಕು.

ಮೊದ್ಲು ಯಾವ್ಯಾವ ಕಾಲೇಜಿಗೆ ಹೋಗ್ಬೇಕು ಅಂತ ಗಟ್ಟಿ ಮಾಡ್ಕೊಳ್ಳಿ. ಹಾಸನದ ಕಡೆಯವರಿಗೆ ಸಾಲಗಾಮೆ ರೋಡಲ್ಲಿ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜ್ ಇದೆ, 1960ರಲ್ಲಿ ಶುರುವಾದ ಹಳೇ ಕಾಲೇಜು, ಜೊತೆಗೆ ಗೌರ್ಮೆಂಟ್ ಇಂಜಿನಿಯರಿಂಗ್ ಕಾಲೇಜ್ ಇದೆ, ರಾಜೀವ್ ಇನ್‌ಸ್ಟಿಟ್ಯೂಟ್ ಇದೆ. ಚಿಕ್ಕಮಗಳೂರಲ್ಲಿ ಜ್ಯೋತಿನಗರದ ಆದಿಚುಂಚನಗಿರಿ ಕಾಲೇಜು, ಎಲ್ಲರೂ ಎಐಟಿ ಅಂತಾರಲ್ಲ ಅದು. ಎರಡೂ ಊರಿನ ಮಧ್ಯೆ ಅರವತ್ತು ಕಿಲೋಮೀಟರ್ ಆಸುಪಾಸು, ಬೇಲೂರು ಮೇಲೆ ಹೋಗೋದು, ಬೆಳಗ್ಗೆ ಬೇಗ ಬಸ್ ಹತ್ತಿದ್ರೆ ಸಂಜೆಗೆ ಮನೆ ಸೇರ್ಬೋದು. ಹುಡುಗಿಯರಿಗೆ ಕೆಎಸ್‌ಆರ್‌ಟಿಸಿ ಆರ್ಡಿನರಿ, ಎಕ್ಸ್‌ಪ್ರೆಸ್ ಬಸ್ಸಲ್ಲಿ ಶಕ್ತಿ ಯೋಜನೆ ಟಿಕೆಟ್ ಫ್ರೀ, ಹಂಗಾಗಿ ಒಂದೇ ಕಾಲೇಜ್ ನೋಡಿ ಸಾಕು ಅನ್ಕೋಬೇಡಿ, ಆಧಾರ್ ಮಾತ್ರ ಮರೀಬೇಡಿ. ಹುಡುಗರಿಗೆ ಚಾರ್ಜ್ ಬೀಳುತ್ತೆ, ಏನ್ ಮಾಡೋದು.

ಡೇಟ್ ವಿಷಯಕ್ಕೆ ಒಂದು ಮಾತು. ಹಾಸನದ ಸುತ್ತಮುತ್ತ ಮೇ ತಿಂಗಳು ಅಂದ್ರೆ ಆಲೂಗಡ್ಡೆ ಬಿತ್ತನೆ, ಎಪಿಎಂಸಿಗೆ ಬಿತ್ತನೆ ಗೆಡ್ಡೆ ಬಂದಿರುತ್ತೆ, ಮನೇಲಿ ಕೈ ಸಾಲಲ್ಲ. ಆ ಟೈಮಲ್ಲಿ ಬೆಳಗ್ಗೆ ಎದ್ದು ನಾನು ಕಾಲೇಜ್ ನೋಡ್ಕೊಂಡ್ ಬರ್ತೀನಿ ಅಂದ್ರೆ ಅಪ್ಪ ಏನಂತಾರೆ ನಿಮಗೇ ಗೊತ್ತು. ವಾರ ಮುಂಚೆನೇ ಹೇಳಿಡಿ, ಆಗೋದಾದ್ರೆ ಅವರನ್ನೂ ಕರ್ಕೊಂಡ್ ಹೋಗಿ. ಹೋಗೋ ಮುಂಚೆ ಕಾಲೇಜ್ ಆಫೀಸಿಗೆ ಒಂದು ಫೋನ್ ಮಾಡಿ ಕೇಳಿ, ಸರ್ ಇದು ಫಸ್ಟ್ ಇಯರ್ ಸೇರೋ ಪಿಯು ಹುಡುಗರಿಗೋ, ಡಿಪ್ಲೊಮಾದವರಿಗೂ ಇದೆಯೋ, ಡಿಪಾರ್ಟ್‌ಮೆಂಟ್ ಒಳಗೆ ಬಿಡ್ತೀರೋ ಇಲ್ಲ ಬರೀ ಆಡಿಟೋರಿಯಂ ಭಾಷಣನೋ ಅಂತ. ಬರೀ ಭಾಷಣ ಆದ್ರೆ ಹೋಗೋದೇ ಬೇಡ, ಸೀನಿಯರ್ ಯಾರನ್ನಾದ್ರೂ ಹಿಡ್ಕೊಂಡು ಒಂದು ಮಾಮೂಲಿ ದಿನ ಹೋಗಿ ಬನ್ನಿ, ಅದೇ ಎಷ್ಟೋ ವಾಸಿ.

ಈಗ ಮ್ಯಾಥ್ಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಲ್ಯಾಟರಲ್ ಎಂಟ್ರಿಯವರು ಬ್ಯಾಕ್ (ಪಾಸಾಗದ ಪೇಪರ್) ಉಳಿಸ್ಕೊಳ್ಳೋದು ಹೆಚ್ಚಾಗಿ ಇಲ್ಲೇ. ಸಿ-20 ಸ್ಕೀಮಲ್ಲಿ (2020ರ ಡಿಪ್ಲೊಮಾ ಸಿಲಬಸ್) ಡಿಪ್ಲೊಮಾ ಮಾಡಿದವರಿಗೆ ಇಂಜಿನಿಯರಿಂಗ್ ಮ್ಯಾಥ್ಸ್ ಅಂತ ಇದ್ದಿದ್ದು ಒಂದೇ ಸೆಮ್, ಅದು ಬಿಟ್ರೆ ಸ್ಟ್ಯಾಟಿಸ್ಟಿಕ್ಸ್ ಅಂಡ್ ಅನಾಲಿಟಿಕ್ಸ್. ಪಿಯುದವರು ಎರಡು ವರ್ಷ ಪಿಯು ಮ್ಯಾಥ್ಸ್, ಆಮೇಲೆ ಫಸ್ಟ್ ಇಯರಲ್ಲಿ ಎರಡು ಸೆಮ್ ಮ್ಯಾಥ್ಸ್ ಮಾಡಿ ಬಂದಿರ್ತಾರೆ. ಈ ವ್ಯತ್ಯಾಸ ವಿಟಿಯುಗೂ (ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ) ಗೊತ್ತು, ಅದಕ್ಕೇ 2018ರ ಸ್ಕೀಮಲ್ಲಿ ಡಿಪ್ಲೊಮಾದವರಿಗೆ ಅಂತಲೇ ಅಡಿಷನಲ್ ಮ್ಯಾಥ್ಸ್ ಒಂದು, ಎರಡು ಅಂತ ಮೂರು ಮತ್ತೆ ನಾಲ್ಕನೇ ಸೆಮ್ಮಲ್ಲಿ ಇಟ್ಟಿದ್ರು, ಕ್ರೆಡಿಟ್ ಇಲ್ಲ ಆದ್ರೆ ಪಾಸ್ ಆಗ್ಲೇಬೇಕು. ನೀವು ಸೇರೋ ಕಾಲೇಜಲ್ಲಿ ಈಗ ಅದು ಯಾವ ರೂಪದಲ್ಲಿದೆ ಅನ್ನೋದು ಕ್ಯಾಂಪಸ್ಸಲ್ಲಿ ಕೇಳ್ಬೇಕಾದ ಮೊದಲನೇ ಪ್ರಶ್ನೆ, ಯಾಕಂದ್ರೆ ಮಲ್ನಾಡ್ ಥರ ಅಟಾನಮಸ್ ಕಾಲೇಜಲ್ಲಿ ಸಿಲಬಸ್ ಅವರದ್ದೇ ಇರುತ್ತೆ.

ಏನ್ ಓದ್ಬೇಕು ಅಂದ್ರೆ, ಸೆಕೆಂಡ್ ಪಿಯು ಮ್ಯಾಥ್ಸ್ ಪುಸ್ತಕದ ಎರಡನೇ ಭಾಗ ತಗೊಳ್ಳಿ, ಪಕ್ಕದ ಮನೆ ಹುಡುಗಂದು ಅಟ್ಟದ ಮೇಲೆ ಬಿದ್ದಿರುತ್ತೆ ಕೇಳಿ, ಇಲ್ಲಾಂದ್ರೆ ಎನ್‌ಸಿಇಆರ್‌ಟಿ ಸೈಟಲ್ಲಿ ಪಿಡಿಎಫ್ ಫ್ರೀ ಸಿಗುತ್ತೆ. ಅದರಲ್ಲಿ ಇಂಟಿಗ್ರಲ್ಸ್, ಡಿಫರೆನ್ಷಿಯಲ್ ಈಕ್ವೇಷನ್ಸ್ ಇವೆರಡು ಚಾಪ್ಟರ್ ಸಾಕು, ತ್ರೀಡಿ ಜ್ಯಾಮೆಟ್ರಿ ಗೀಮೆಟ್ರಿ ಈಗ ಬೇಡ. ಇದು ಯಾಕೆ ಬೇಕು ಅಂತ ಒಂದು ಉದಾಹರಣೆ ಹೇಳ್ತೀನಿ. ವಿಟಿಯು 2022ರ ಸ್ಕೀಮಲ್ಲಿ ಎಲೆಕ್ಟ್ರಾನಿಕ್ಸ್‌ನವರಿಗೆ ಮೂರನೇ ಸೆಮ್ ಮ್ಯಾಥ್ಸಲ್ಲಿ ಫೋರಿಯರ್ ಸೀರೀಸ್ ಬರುತ್ತೆ. ಲೆಕ್ಚರರ್ ಬೋರ್ಡ್ ಮೇಲೆ ಎಕ್ಸ್ ಸ್ಕ್ವೇರ್ ಇಂಟು ಕಾಸ್ ಎನ್‌ಎಕ್ಸ್ ಅಂತ ಬರೆದು, ಬರ್ನೌಲಿ ರೂಲ್ ಹಾಕಿ ಅಂದು ಮುಂದೆ ಹೋಗ್ಬಿಡ್ತಾರೆ. ಆ ರೂಲ್ ಏನೂ ಬ್ರಹ್ಮವಿದ್ಯೆ ಅಲ್ಲ, ಎಕ್ಸ್ ಸ್ಕ್ವೇರನ್ನ ಸೊನ್ನೆ ಆಗೋವರೆಗೂ ಡಿಫರೆನ್ಷಿಯೇಟ್ ಮಾಡ್ತಾ ಹೋಗೋದು, ಅಂದ್ರೆ ಎಕ್ಸ್ ಸ್ಕ್ವೇರ್, 2ಎಕ್ಸ್, 2, ಸೊನ್ನೆ, ಈ ಕಡೆ ಕಾಸ್ ಎನ್‌ಎಕ್ಸನ್ನ ಮೂರು ಸಲ ಇಂಟಿಗ್ರೇಟ್ ಮಾಡೋದು, ಜೋಡಿ ಜೋಡಿಯಾಗಿ ಗುಣಿಸಿ ಪ್ಲಸ್ಸು ಮೈನಸ್ಸು ಪ್ಲಸ್ಸು ಅಂತ ಹಾಕೋದು. ಆಮೇಲೆ ಲಿಮಿಟ್ ಹಾಕುವಾಗ ಸೈನ್ ಎನ್ ಪೈ ಸೊನ್ನೆ, ಕಾಸ್ ಎನ್ ಪೈ ಅಂದ್ರೆ ಎನ್ ಸರಿಸಂಖ್ಯೆ ಆದ್ರೆ ಪ್ಲಸ್ ಒಂದು, ಬೆಸ ಆದ್ರೆ ಮೈನಸ್ ಒಂದು. ಇಷ್ಟು ಮನೇಲಿ ಕೂತು ಕೈಗೆ ಕೂರಿಸ್ಕೊಂಡು ಹೋದ್ರೆ ಅರ್ಧ ಯುದ್ಧ ಗೆದ್ದಂಗೆ, ಇಲ್ಲಾಂದ್ರೆ ಆ ಬೋರ್ಡಿನ ಎರಡನೇ ಸಾಲಿಗೇ ಕಳೆದುಹೋಗ್ತೀರ. ಕಂಪ್ಯೂಟರ್ ಸೈನ್ಸ್‌ನವರಿಗೆ ಅದೇ ಸ್ಕೀಮಲ್ಲಿ ಫೋರಿಯರ್ ಬದಲು ಪ್ರಾಬಬಿಲಿಟಿ, ಮಾರ್ಕೋವ್ ಚೈನ್ ಅಂತೆಲ್ಲ ಇದೆ, ಡಿಪ್ಲೊಮಾದ ಸ್ಟ್ಯಾಟಿಸ್ಟಿಕ್ಸ್ ನೆನಪಿದ್ರೆ ಸ್ವಲ್ಪ ಕೈ ಹಿಡಿಯುತ್ತೆ, ಆದ್ರೂ ಇಂಟಿಗ್ರೇಷನ್ ತಪ್ಪಲ್ಲ.

ಅಂದಹಾಗೆ ಡಿಸಿಇಟಿ ಇನ್ನೂ ಬರೆದಿಲ್ಲ ಅಂದ್ರೆ ಮೊದ್ಲು ಅದು, ಕ್ಯಾಂಪಸ್ ಸುತ್ತೋದು ಆಮೇಲೆ. ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್, ಐಟಿ ಸ್ಕಿಲ್ಸ್, ಎಲೆಕ್ಟ್ರಿಕಲ್ ಎಲೆಕ್ಟ್ರಾನಿಕ್ಸ್ ಬೇಸಿಕ್ಸ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಎಲ್ಲಾ ನೀವು ಓದಿರೋದೇ.

ಇನ್ನು ಕ್ಯಾಂಪಸ್ ಒಳಗೆ ಹೋದಾಗ. ಪ್ರಿನ್ಸಿಪಾಲ್ ಭಾಷಣ, ಪ್ಲೇಸ್‌ಮೆಂಟ್ ಪಿಪಿಟಿ, ಡ್ರೋನ್ ವಿಡಿಯೋ ಎಲ್ಲಾ ಆಗುತ್ತೆ, ಕೂತ್ಕೊಳ್ಳಿ, ಕೇಳಿ. ಅಸಲಿ ಕೆಲಸ ಟೀ ಬ್ರೇಕಲ್ಲಿ ಶುರು. ಬ್ಯಾಡ್ಜ್ ಹಾಕ್ಕೊಂಡು ನಿಂತಿರೋ ವಾಲಂಟಿಯರ್ ಹುಡುಗರು ಇರ್ತಾರಲ್ಲ, ಅವರಲ್ಲಿ ಡಿಪ್ಲೊಮಾದಿಂದ ಬಂದೋರು ಯಾರು ಅಂತ ಕೇಳಿ. ಹಾಸನದ ಎಲ್‌.ವಿ. ಪಾಲಿಟೆಕ್ನಿಕ್‌ನವರೋ ಚಿಕ್ಕಮಗಳೂರಿನ ಡಿಎಸಿಜಿ ಪಾಲಿಟೆಕ್ನಿಕ್‌ನವರೋ ಒಬ್ಬರಾದ್ರೂ ಸಿಕ್ಕೇ ಸಿಗ್ತಾರೆ, ಅಣ್ಣ ನಾವೂ ಅಲ್ಲಿಂದಾನೇ ಅಂದ್ರೆ ಸಾಕು, ಲೆಕ್ಚರರ್ ಹೇಳದೇ ಇರೋದೆಲ್ಲ ಹೊರಗೆ ಬರುತ್ತೆ. ಅವರ ಹತ್ರ ಮೂರನೇ ಸೆಮ್ ನೋಟ್‌ಬುಕ್ ಇದ್ರೆ ಒಂದ್ಸಲ ತಿರುವಿ ಹಾಕಿ, ಫೋಟೋ ತಗೊಳ್ಳಿ. ಆ ಬ್ರಾಂಚ್ ನಿಮಗೆ ಆಗುತ್ತಾ ಇಲ್ವಾ ಅಂತ ಬ್ರೋಷರಿಗಿಂತ ಆ ನೋಟ್‌ಬುಕ್ಕೇ ಸರಿಯಾಗಿ ಹೇಳುತ್ತೆ.

ಅವರನ್ನ ಕೇಳ್ಬೇಕಾದ ಮುಖ್ಯ ವಿಷಯ ಒಂದಿದೆ. ಡಿಪ್ಲೊಮಾ ಕೌನ್ಸೆಲಿಂಗ್ (ಸೀಟು ಹಂಚೋದು) ಮುಗಿದು ನಾವು ಕ್ಲಾಸಿಗೆ ಹೋಗೋ ಹೊತ್ತಿಗೆ ಮೂರನೇ ಸೆಮ್ ಪಾಠ ಎಷ್ಟೋ ಸಲ ಶುರುವಾಗಿ ಹೋಗಿರುತ್ತೆ, ಒಂದೊಂದ್ಸಲ ಫಸ್ಟ್ ಇಂಟರ್ನಲ್ಸ್ ತಲೆ ಮೇಲೇ ಬಂದು ಕೂತಿರುತ್ತೆ. ಹೋದ ವರ್ಷ ನಿಮಗೆ ಏನ್ ಮಾಡಿದ್ರು, ಮತ್ತೆ ಕ್ಲಾಸ್ ತಗೊಂಡ್ರಾ, ಇಂಟರ್ನಲ್ಸ್ ಬೇರೆ ಇಟ್ರಾ, ಅಟೆಂಡೆನ್ಸ್ ಸೇರಿದ ದಿನದಿಂದ ಲೆಕ್ಕ ಹಾಕಿದ್ರಾ ಅಂತ ಬಿಡಿಸಿ ಬಿಡಿಸಿ ಕೇಳಿ. ಒಳ್ಳೇ ಕಾಲೇಜು ಯಾವುದು ಅಂತ ನನ್ನ ಕೇಳಿದ್ರೆ ಈ ಪ್ರಶ್ನೆಗೆ ಸರಿಯಾದ ಉತ್ತರ ಇರೋ ಕಾಲೇಜು, ಪ್ಲೇಸ್‌ಮೆಂಟ್ ಬೋರ್ಡ್ ಎಷ್ಟು ದೊಡ್ಡದು ಅನ್ನೋದಲ್ಲ. ಆ ಸೀನಿಯರ್ ನಂಬರ್ ಇಸ್ಕೊಳ್ಳಿ, ಕ್ಲಾಸ್ ಶುರುವಾದ ದಿನದಿಂದ ನೋಟ್ಸ್ ಕಳಿಸೋಕೆ ಮೂರನೇ ಸೆಮ್ಮಿನ ಯಾರನ್ನಾದ್ರೂ ಪರಿಚಯ ಮಾಡ್ಸಿ ಅಂತ ಕೇಳಿ, ನಾಚ್ಕೋಬೇಡಿ. ಆಕ್ಟಿವಿಟಿ ಪಾಯಿಂಟ್ಸ್ (ಡಿಗ್ರಿ ಮುಗಿಯೋಕೆ ಪಾಠದ ಹೊರಗಿನ ಸೇವಾ ಕೆಲಸಕ್ಕೆ ಗಳಿಸ್ಬೇಕಾದ ಅಂಕ) ಕೂಡ ಕೇಳಿ, ಫಸ್ಟ್ ಇಯರಿಂದ ಬಂದೋರಿಗೆ 100, ನಮಗೆ 75, ಅದನ್ನ ಕೊನೇ ಸೆಮ್ಮಿಗೆ ಬಿಟ್ಕೊಂಡು ಗಿಡ ನೆಡೋ ಫೋಟೋ ಹುಡುಕೋರು ಸುಮಾರು ಜನ.

ಲ್ಯಾಬ್ ಒಳಗೆ ಬಿಟ್ರೆ ಮಾತ್ರ ಅದು ನಿಮ್ಮ ಏರಿಯಾ. ಮಲ್ಟಿಮೀಟರ್ ನಾಬ್ ಯಾವ ಕಡೆ ತಿರುಗಿಸ್ಬೇಕು, ಲೇತಲ್ಲಿ ಜಾಬ್ ಹೇಗೆ ಸೆಂಟರ್ ಮಾಡ್ಬೇಕು ಅಂತ ನಿಮ್ಮ ಕೈಗೇ ಗೊತ್ತಿರುತ್ತೆ, ಪಿಯುದಿಂದ ಬಂದೋರಲ್ಲಿ ಎಷ್ಟೋ ಜನ ಆಗ ತಾನೇ ಕಲೀತಿರ್ತಾರೆ. ಮುಂದೆ ಅವರು ನಿಮಗೆ ಮ್ಯಾಥ್ಸ್ ಹೇಳಿಕೊಡ್ತಾರೆ, ನೀವು ಅವರ ಲ್ಯಾಬ್ ಎಕ್ಸ್‌ಪೆರಿಮೆಂಟ್ ಔಟ್‌ಪುಟ್ ಬರಿಸ್ತೀರ, ಗ್ಯಾಂಗ್ ಒಳಗೆ ಸೇರೋದು ಹಿಂಗೇನೇ.

ಇಂಗ್ಲಿಷ್ ಬರಲ್ಲ ಅಂತ ಹಿಂದಿನ ಸಾಲಲ್ಲಿ ಮುದುರ್ಕೊಂಡು ಕೂರೋರಿಗೆ, ಕನ್ನಡದಲ್ಲೇ ಕೇಳ್ರಪ್ಪ, ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಸ್ಟಾಫ್ ಬಹಳಷ್ಟು ಜನ ಇಲ್ಲೇ ಸುತ್ತಮುತ್ತಲಿನವರು.

ಅಪ್ಪ ಅಮ್ಮ ಜೊತೆಗೆ ಬಂದಿದ್ರೆ ಅವರು ಕೇಳೋದು ಎರಡೇ, ಫೀಸ್ ಎಷ್ಟು, ಕೆಲಸ ಸಿಗುತ್ತಾ. ಕೆಲಸದ ಪ್ರಶ್ನೆನ ನೀವು ಸ್ವಲ್ಪ ತಿದ್ದಿ ಕೇಳಿ, ಹೋದ ವರ್ಷ ಲ್ಯಾಟರಲ್ ಎಂಟ್ರಿಯವರು ಎಷ್ಟು ಜನಕ್ಕೆ ಆಯ್ತು ಸರ್ ಅಂತ. ತುಂಬಾ ಕಂಪನಿಗಳು ಎಸ್‌ಎಸ್‌ಎಲ್‌ಸಿ, ಡಿಪ್ಲೊಮಾ, ಬಿಇ ಮೂರರಲ್ಲೂ 60 ಪರ್ಸೆಂಟ್ ಕೇಳ್ತಾವೆ, ನಿಮ್ಮ ಹಳೇ ಮಾರ್ಕ್ಸ್ ಕಾರ್ಡ್ ಈಗ್ಲೇ ತೆಗೆದು ನೋಡ್ಕೊಳ್ಳಿ. ಫೀಸ್ ವಿಷಯದಲ್ಲಿ ಕೆಇಎ, ಅಂದ್ರೆ ಸರ್ಕಾರದ ಪರೀಕ್ಷಾ ಪ್ರಾಧಿಕಾರದ ಮೂಲಕ ಬರೋ ಸೀಟಿಗೆ ಎಷ್ಟು, ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟು ಅಂತ ಬೇರೆ ಬೇರೆ ಬರೆಸ್ಕೊಳ್ಳಿ. ಇನ್ನೊಂದು, ಇದು ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡ್ಬೇಡಿ. ಸೀಟ್ ಬ್ಲಾಕ್ ಮಾಡ್ತೀವಿ, ಸುಮ್ನೆ ಒರಿಜಿನಲ್ ಇಟ್ಟು ಹೋಗಿ, ಹತ್ತು ಸಾವಿರ ಅಡ್ವಾನ್ಸ್ ಕಟ್ಟಿ ಅಂತ ಮೆತ್ತಗೆ ಕೇಳೋರು ಇರ್ತಾರೆ. ಕೌನ್ಸೆಲಿಂಗ್ ಮುಗಿಯೋವರೆಗೂ ಆಗಲ್ಲ ಸರ್ ಅಂತ ನಗ್ತಾ ಹೇಳಿ ಎದ್ದು ಬನ್ನಿ. ಜೆರಾಕ್ಸ್ ಸೆಟ್ ಎರಡು ಇಟ್ಕೊಂಡು ಹೋದ್ರೆ ಸಾಕು.

ಕಾಗದ ಪತ್ರದ ಕೆಲಸ ಇದೇ ರಜೇಲಿ ಮುಗಿಸ್ಬೇಕು, ಇದರಲ್ಲೊಂದು ಕೊಕ್ಕೆ ಇದೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರೀಲಿ ಆಗುತ್ತೆ, ಆರ್‌ಡಿ ನಂಬರ್ (ಆ ಪ್ರಮಾಣಪತ್ರದ ಮೇಲಿರೋ ನಂಬರ್) ಬಂದ್ರೆ ಆಯ್ತು. ಆದ್ರೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಬೇಕು ಅಂದ್ರೆ ನೀವು ಓದಿದ ಸ್ಕೂಲಿನ ಹೆಡ್ ಮಾಸ್ಟರ್ ಸೈನ್ ಹಾಕ್ಬೇಕು, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸೈನ್ ಬೇಕು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೇವರೆಗೂ ಸ್ಕೂಲಿಗೆ ರಜೆ, ಮೇಷ್ಟ್ರು ಅವರ ಊರಿಗೆ ಹೋಗಿರ್ತಾರೆ, ಸೀಲು ಬೀರು ಒಳಗೆ, ಬೀಗ ಅವರ ಹತ್ರ. ಒಂದರಿಂದ ನಾಲ್ಕು ಒಂದೂರು, ಐದರಿಂದ ಏಳು ಇನ್ನೊಂದೂರು, ಹೈಸ್ಕೂಲ್ ಮತ್ತೊಂದು ಕಡೆ ಓದಿರೋರಿಗಂತೂ ಕೇಳೋದೇ ಬೇಡ. ರಜೆ ಶುರುವಾಗೋ ಮುಂಚೆನೇ ಸೈನ್ ಹಾಕಿಸ್ಕೊಳ್ಳಿ, ಆಗ್ಲಿಲ್ಲ ಅಂದ್ರೆ ಫೋನ್ ಮಾಡಿ ಅವರು ಯಾವತ್ತು ಊರಿಗೆ ಬರ್ತಾರೆ ಕೇಳಿ ಆ ದಿನ ಹಿಡೀರಿ.

ಬ್ಯಾಗಿಗೆ ಏನ್ ಹಾಕ್ಕೋಬೇಕು ಅಂತ ಕೇಳೋರಿಗೆ: ಒಂದು ದಿನದ್ದಾದ್ರೆ ಸಣ್ಣ ನೋಟ್‌ಬುಕ್ಕು, ಪೆನ್ನು, ನೀರು, ಐಡಿ ಕಾರ್ಡ್, ಚಾರ್ಜರ್. ವರ್ಕ್‌ಶಾಪ್ ಒಳಗೆ ಬಿಡ್ಬೋದು, ಶೂ ಹಾಕ್ಕೊಳ್ಳಿ. ರಾತ್ರಿ ಹಾಸ್ಟೆಲಲ್ಲಿ ಇರೋದಾದ್ರೆ ಬೆಡ್‌ಶೀಟು, ಒಂದು ಬೀಗ, ಮಗ್ಗು. ಛತ್ರಿ ಬಿಡ್ಬೇಡಿ, ಚಿಕ್ಕಮಗಳೂರಲ್ಲಿ ಏಪ್ರಿಲ್ ಮೇನಲ್ಲಿ ಮಧ್ಯಾಹ್ನ ಬೆಂಕಿ ಬಿಸಿಲಿದ್ರೂ ಸಂಜೆ ನಾಲ್ಕಕ್ಕೆ ದಬದಬ ಮಳೆ ಸುರಿದು ಫೈಲೆಲ್ಲ ನೆನೆದುಹೋಗುತ್ತೆ. ಜೆರಾಕ್ಸ್ ಪ್ಲಾಸ್ಟಿಕ್ ಕವರಲ್ಲಿ ಇರ್ಲಿ.

ಮನೆಗೆ ಬಂದ ರಾತ್ರಿನೇ, ನೆನಪು ಹಸಿ ಇರುವಾಗ, ಆ ಕಾಲೇಜಿನ ಬಗ್ಗೆ ಬರೆದಿಡಿ: ಲೇಟಾಗಿ ಸೇರಿದೋರಿಗೆ ಏನ್ ಮಾಡ್ತಾರೆ, ಮ್ಯಾಥ್ಸಿಗೆ ಬ್ರಿಡ್ಜ್ ಕ್ಲಾಸ್ ಇದ್ಯಾ, ಬಸ್ ಪಾಸಲ್ಲಿ ದಿನಾ ಓಡಾಡ್ಬೋದಾ ಇಲ್ಲ ಹಾಸ್ಟೆಲ್ ಬೇಕಾ. ಎರಡು ಮೂರು ಕಾಲೇಜ್ ಆದ್ಮೇಲೆ ಈ ಹಾಳೆಗಳನ್ನ ಪಕ್ಕ ಪಕ್ಕ ಇಟ್ಕೊಂಡ್ರೆ ಕೆಇಎ ಆಪ್ಷನ್ ಎಂಟ್ರೀಲಿ (ಬೇಕಾದ ಕಾಲೇಜು, ಬ್ರಾಂಚು ಆನ್‌ಲೈನಲ್ಲಿ ಸಾಲಾಗಿ ತುಂಬೋದು) ಯಾವುದು ಮೇಲೆ ಯಾವುದು ಕೆಳಗೆ ಅಂತ ತಾನಾಗೇ ಗೊತ್ತಾಗುತ್ತೆ. ಆಪ್ಷನ್ ಹಾಕುವಾಗ ನಿಜವಾಗ್ಲೂ ಬೇಕಾಗಿರೋದನ್ನ ಮೇಲೆ ಹಾಕಿ, ಸಿಗಲ್ಲ ಬಿಡು ಅಂತ ಕೆಳಗೆ ತಳ್ಬೇಡಿ, ಸಿಸ್ಟಮ್ ಮೇಲಿಂದಾನೇ ನೋಡ್ಕೊಂಡು ಬರೋದು. ಸೈಬರ್ ಸೆಂಟರಲ್ಲಿ ಹಾಕಿಸೋದಾದ್ರೆ ಪಕ್ಕದಲ್ಲೇ ಕೂತು ಕಾಲೇಜ್ ಕೋಡು, ಬ್ರಾಂಚು ನೀವೇ ಓದಿ ಹೇಳಿ, ಪ್ರಿಂಟ್ ತಗೊಂಡು ಒಂದ್ಸಲ ಟಿಕ್ ಹಾಕ್ಕೊಂಡು ನೋಡಿ, ಪಾಸ್‌ವರ್ಡ್ ಮಾತ್ರ ಅವರ ಕಂಪ್ಯೂಟರಲ್ಲಿ ಸೇವ್ ಮಾಡ್ಬೇಡಿ.