ಸ್ಪೀಕರ್ ತಂತಿಯಲ್ಲಿ ಸ್ಕಿನ್ ಎಫೆಕ್ಟ್ ಹುಡುಕಿದ ಅನುಭವ

ನಮ್ಮ ಮನೆಯ ಹಾಲ್‌ನಲ್ಲಿ ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಐದು ಮೀಟರ್ ದೂರ. ವೈರಿಂಗ್ ಮುಗಿದ ಮೇಲೆ ಉಳಿದಿದ್ದ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನೇ ಎಳೆದೆ. ಕೆಂಪು ತಂತಿ ನೆಲದ ಅಂಚಿಗೆ, ಕಪ್ಪು ಅದರಿಂದ ನಾಲ್ಕು ಬೆರಳು ಮೇಲೆ. "ಮೇಲಿನ ಸ್ವರಗಳು ತಂತಿಯ ಹೊರಮೈಯಲ್ಲೇ ಹರಿಯುತ್ತವೆ ಸಾರ್, ಬೆಳ್ಳಿ ಲೇಪದ ಕೇಬಲ್ ಹಾಕದಿದ್ದರೆ ತಾಳದ ನಾದ ಮಂಕಾಗುತ್ತದೆ" ಎಂದು ಅಂಗಡಿಯವರು ಹೇಳಿದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ವಿದ್ಯುತ್ ಹೀಗೆ ಹೊರಮೈಗೆ ಸರಿಯುವುದನ್ನೇ ಸ್ಕಿನ್ ಎಫೆಕ್ಟ್ ಎನ್ನುತ್ತಾರೆ. ಅಳೆದೇ ನೋಡೋಣ ಎಂದು ಕುಳಿತೆ.

ಸಾಮಾನ್ಯ ಮಲ್ಟಿಮೀಟರ್ 20 ಕಿಲೋಹರ್ಟ್ಸ್‌ನಂಥ ಹೆಚ್ಚಿನ ಆವರ್ತನದಲ್ಲಿ ನಂಬಿಕೆಗೆ ಅರ್ಹವಲ್ಲ. ಹಾಗಾಗಿ ವೋಲ್ಟೇಜ್ ಅಲೆಯನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಹಿಡಿದೆ, ಸ್ಪೀಕರ್ ಬದಲು 8 ಓಮ್ ರೆಸಿಸ್ಟರ್ ಜೋಡಿಸಿದೆ. ತಂತಿಯಲ್ಲಿ ಕಳೆದುಹೋಗುವ ವೋಲ್ಟೇಜ್ 1 ಕಿಲೋಹರ್ಟ್ಸ್‌ಗಿಂತ 20 ಕಿಲೋಹರ್ಟ್ಸ್‌ನಲ್ಲಿ ಸುಮಾರು ಹನ್ನೆರಡು ಪಟ್ಟು ಇತ್ತು! ಅಂಗಡಿಯವರು ಹೇಳಿದ್ದೇ ನಿಜವಾಯಿತಲ್ಲ ಎಂದುಕೊಂಡೆ.

ಆದರೆ ಲೆಕ್ಕ ಕೂಡಲಿಲ್ಲ. 20 ಕಿಲೋಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್, ಅಂದರೆ ಹೊರಮೈಯಿಂದ ಒಳಕ್ಕೆ ವಿದ್ಯುತ್ ಹೆಚ್ಚಾಗಿ ಹರಿಯುವ ಆಳ, 0.46 ಮಿಲಿಮೀಟರ್, ನನ್ನ ತಂತಿಯ ತ್ರಿಜ್ಯ ಸುಮಾರು 0.9. ಇದರಿಂದ ರೋಧ ಹೆಚ್ಚುವುದು ಕಾಲು ಭಾಗದಷ್ಟು ಮಾತ್ರ. 1 ಕಿಲೋಹರ್ಟ್ಸ್‌ನಲ್ಲಂತೂ ಆ ಆಳ 2 ಮಿಲಿಮೀಟರ್‌ಗೂ ಹೆಚ್ಚು, ಅಂದರೆ ವಿದ್ಯುತ್ ಇಡೀ ತಂತಿಯಲ್ಲಿ ಹರಿಯುತ್ತದೆ. (ತಂತಿಯಲ್ಲಿ ಹಲವು ಎಳೆಗಳಿದ್ದರೂ ಅವು ಒಂದಕ್ಕೊಂದು ತಾಗಿಕೊಂಡೇ ಇರುವುದರಿಂದ ಒಂದೇ ಸರಳಿನಂತೆ ವರ್ತಿಸುತ್ತವೆ. ಎಳೆ ಎಳೆಗೂ ಎನಾಮೆಲ್ ಲೇಪವಿರುವ ಲಿಟ್ಜ್ ತಂತಿಯ ವಿಷಯ ಬೇರೆ.) ಹಾಗಾದರೆ ಹನ್ನೆರಡು ಪಟ್ಟು ಎಲ್ಲಿಂದ ಬಂತು?

ಕೆಂಪು, ಕಪ್ಪು ಎರಡನ್ನೂ ಬಿಚ್ಚಿ, ಜಡೆಯಂತೆ ಹೊಸೆದು ಮತ್ತೆ ಅಳೆದೆ. ನಷ್ಟ ಮೂರನೇ ಒಂದು ಭಾಗಕ್ಕೆ ಇಳಿಯಿತು. ತಂತಿ ಅದೇ, ಉದ್ದವೂ ಅದೇ. ಬದಲಾದದ್ದು ನಡುವಿನ ಅಂತರ ಮಾತ್ರ. ಸ್ಕಿನ್ ಎಫೆಕ್ಟ್ ಆಗಿದ್ದರೆ ತಂತಿಗಳನ್ನು ಹತ್ತಿರ ತಂದರೆ ಕಡಿಮೆಯಾಗುವ ಮಾತೇ ಇಲ್ಲ. ನಾನು ಕಂಡದ್ದು ಇಂಡಕ್ಟೆನ್ಸ್: ತಂತಿಯ ಸುತ್ತ ಹುಟ್ಟುವ ಕಾಂತಕ್ಷೇತ್ರ ವಿದ್ಯುತ್ತಿನ ಏರಿಳಿತಕ್ಕೆ ಒಡ್ಡುವ ತಡೆ. ಆವರ್ತನ ಹೆಚ್ಚಿದಷ್ಟೂ ಈ ತಡೆ ಹೆಚ್ಚು. ಎರಡು ತಂತಿಗಳ ಅಂತರ ಹೆಚ್ಚಿದಷ್ಟೂ ಇಂಡಕ್ಟೆನ್ಸ್ ಕೂಡ ಹೆಚ್ಚುತ್ತದೆ.

ಸ್ಕಿನ್ ಎಫೆಕ್ಟ್‌ನ ಪಾಲನ್ನು ಬೇರೆಯಾಗಿ ಲೆಕ್ಕ ಹಾಕಿದೆ. ಹೋಗಿ ಬರುವ ಹತ್ತು ಮೀಟರ್‌ನ ರೋಧ 0.074 ಓಮ್, 20 ಕಿಲೋಹರ್ಟ್ಸ್‌ನಲ್ಲಿ ಅದು 0.092. 8 ಓಮ್ ಸ್ಪೀಕರ್ ಎದುರು ಈ ವ್ಯತ್ಯಾಸ 0.02 ಡೆಸಿಬಲ್. ಇದನ್ನು ಯಾವ ಕಿವಿಯೂ ಗುರುತಿಸಲಾರದು. ಇದಕ್ಕೆ ಹೆದರಿ ತೆಳು ತಂತಿ ಹಾಕುವುದಂತೂ ದೊಡ್ಡ ತಪ್ಪು: 0.75 ಚದರ ಮಿಲಿಮೀಟರ್ ತಂತಿಯಲ್ಲಿ ಸ್ಕಿನ್ ಎಫೆಕ್ಟ್ ಬಹುತೇಕ ಇಲ್ಲವಾದರೂ, ಒಟ್ಟು ರೋಧ ಮೂರು ಪಟ್ಟಿಗೂ ಮಿಗಿಲು.

ಹೊಸೆದ ಆ ಜೋಡಿಯನ್ನೇ ಗೋಡೆಯ ಅಂಚಿಗೆ ಕ್ಲಿಪ್ ಹೊಡೆದು ಕೂರಿಸಿದೆ. ಬೆಳ್ಳಿ ಲೇಪದ ಕೇಬಲ್ ಕೊಳ್ಳಲಿಲ್ಲ.