ಭೋಸರಿಯ ಕೆಂಪು ಡಬ್ಬಿ ನನ್ನ ಸಿವಿಗೆ ಬಂದದ್ದು

ಹೋದ ತಿಂಗಳು ಪುಣೆ ಹತ್ತಿರದ ಚಾಕಣದ ಕಂಪನಿಯೊಂದರಿಂದ ಗ್ರಾಜುಯೇಟ್ ಎಂಜಿನಿಯರ್ ಟ್ರೇನಿ ಆಫರ್ ಕೈಗೆ ಬಂತು. ಹಳೇ ಸಿವಿ ಹಿಡಿದು ಸುಮಾರು 140 ಕಡೆ ಅರ್ಜಿ ಹಾಕಿದ್ದೆ, ಕರೆ ಬಂದದ್ದು ಮೂರೋ ನಾಲ್ಕೋ. ಅದನ್ನು ಬದಲಿಸಿ ಒಂದೇ ಪುಟಕ್ಕೆ ತಂದ ಮೇಲೆ 30ರ ಆಸುಪಾಸು ಅರ್ಜಿಗೇ ಒಂಬತ್ತು ಕರೆ. ಆಕುರ್ಡಿಯ ರೂಮಿನಲ್ಲಿ ನಾವು ನಾಲ್ವರು, ಎಲ್ಲ ವಿಜಯಪುರ, ಬಾಗಲಕೋಟೆ ಕಡೆಯವರು, ಎಲ್ಲ ಮೆಕ್ಯಾನಿಕಲ್. "ಒಂದ ಪುಟದ ಸಿವಿ ಯಾರ ನೋಡ್ತಾರಲೇ?" ಅಂದಿದ್ದರು ಮೂವರೂ.

ಮೊದಲು ದುಡ್ಡು ಹೋದ ಕಥೆ. ಸಿವಿ ಬರೆದುಕೊಡುವವರೊಬ್ಬರಿಗೆ 2,500 ರೂಪಾಯಿ ಕೊಟ್ಟೆ. ಎರಡು ಕಾಲಂ, ಎಡಕ್ಕೆ ನೀಲಿ ಪಟ್ಟಿ, ಫೋಟೊ. ನೋಡಲು ಚಂದವೇ ಇತ್ತು. ಜಾಬ್ ಫೇರ್‌ಗೆಂದು 40 ಕಲರ್ ಪ್ರಿಂಟ್, ಅದಕ್ಕೆ ಇನ್ನೊಂದು 400. ಎರಡು ತಿಂಗಳಾದರೂ ಪೋರ್ಟಲ್‌ಗಳಿಂದ ಸದ್ದಿಲ್ಲ. ಒಂದು ರಾತ್ರಿ ಆ ಪಿಡಿಎಫ್‌ನಲ್ಲಿದ್ದದ್ದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದೆ. ಸಿಜಿಪಿಎ ಪಕ್ಕದಲ್ಲಿ ಊರಿನ ವಿಳಾಸ, ಡಿಸೈನ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್ ಹೆಸರಿನ ನಡುವೆ ಅರ್ಧ ಫೋನ್ ನಂಬರು. ಅರ್ಜಿ ಸೋಸುವ ಸಾಫ್ಟ್‌ವೇರ್‌ಗೂ ಇದೇ ಕಲಸುಮೇಲೋಗರ ಕಂಡಿರಬೇಕು. ಅವತ್ತೇ ಟೇಬಲ್, ಪಟ್ಟಿ, ಫೋಟೊ ಕಿತ್ತೆ. ತಂದೆಯ ಹೆಸರು, ಹವ್ಯಾಸ, ಕೊನೆಯ ಘೋಷಣೆ ಎಲ್ಲ ಹೋದವು. ಪಾಸಾದ ವರ್ಷ, ಸಿಜಿಪಿಎ, ಬ್ಯಾಕ್‌ಲಾಗ್ ಇಲ್ಲ ಅನ್ನುವುದು ಮೇಲಕ್ಕೆ ಬಂದವು. ಟ್ರೇನಿ ಭರ್ತಿಯಲ್ಲಿ ಮೊದಲ ಜರಡಿ ಅಲ್ಲೇ ಹಿಡಿಯುತ್ತಾರೆ.

ಅಷ್ಟಕ್ಕೆ ಕರೆ ಸ್ವಲ್ಪ ಹೆಚ್ಚಿದವು, ಆದರೆ ಇಂಟರ್‌ವ್ಯೂ ದಾಟಲಿಲ್ಲ. ಭೋಸರಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಸಣ್ಣ ವರ್ಕ್‌ಶಾಪಿನಲ್ಲಿ ನಾಲ್ಕು ತಿಂಗಳು ಇಂಟರ್ನ್ ಆಗಿದ್ದೆ. ಸಿವಿಯಲ್ಲಿ ಅದಕ್ಕೆ ಇದ್ದದ್ದು ಒಂದೇ ಸಾಲು: ಕ್ವಾಲಿಟಿ ವಿಭಾಗದಲ್ಲಿ ಸಹಾಯ ಮಾಡಿದೆ. ಯಾರು ಬೇಕಾದರೂ ಬರೆಯಬಹುದಾದ ಸಾಲು. ಒಂದು ಶನಿವಾರ ನೋಟ್‌ಬುಕ್ ಹಿಡಿದು ವಾಪಸ್ ಹೋಗಿ, ಸೂಪರ್‌ವೈಸರ್ ಕಾಕಾ ಅವರ ಹತ್ತಿರ ಹಳೇ ರಿಜೆಕ್ಷನ್ ರಿಜಿಸ್ಟರ್ ಕೇಳಿದೆ. ಎಣ್ಣೆ ಬೆರಳಿನ ಗುರುತು ತುಂಬಿದ ಪುಸ್ತಕ. ಆಗ ಸಿಎನ್‌ಸಿ ಲೇತ್ ಪಕ್ಕದ, ರಿಜೆಕ್ಟ್ ಆದ ಪೀಸ್ ಹಾಕುವ ಕೆಂಪು ಡಬ್ಬಿಗೆ 100 ಬುಶ್‌ಗೆ (ನಡುವೆ ತೂತಿರುವ ಕೊಳವೆಯಂಥ ಭಾಗ) ಏಳು ಬೀಳುತ್ತಿದ್ದವು. ತೂತು ಸಾಕಷ್ಟು ದೊಡ್ಡದಿದೆಯೇ ಅಂತ ನೋಡುವ ಗೋ ಗೇಜ್ ಒಳಗೆ ಹೋಗುತ್ತಿರಲಿಲ್ಲ. ಲೋಹ ಕೊರೆಯುವ ತುದಿ, ಅಂದರೆ ಇನ್ಸರ್ಟ್, ಸವೆದಂತೆ ಬೋರ್, ಅಂದರೆ ತೂತು, ಕಿರಿದಾಗುತ್ತಿತ್ತು. 20 ಪೀಸಿಗೊಮ್ಮೆ ಅಳೆದು, ಸವೆದಷ್ಟನ್ನು ಮಷಿನ್‌ನಲ್ಲಿ ಸರಿದೂಗಿಸುವ ಆಫ್‌ಸೆಟ್ ಕೊಡೋಣ ಅಂದವನು ನಾನೇ, ಚಾರ್ಟ್ ಬರೆದು ಮಷಿನ್ ಬಾಗಿಲಿಗೆ ಅಂಟಿಸಿದ್ದೂ ನಾನೇ. ಡಬ್ಬಿಗೆ ಬೀಳುವುದು ಮೂರಕ್ಕೆ ಇಳಿಯಿತು. ಇಷ್ಟು ದಿನ ಇದನ್ನು ಸಿವಿಯಲ್ಲಿ ಹಾಕಿರಲಿಲ್ಲ!

ಹೊಸ ಸಾಲು: ಬುಶ್ ಬೋರ್ ರಿಜೆಕ್ಷನ್ ಸುಮಾರು ಶೇ. 7ರಿಂದ 3ಕ್ಕೆ, 20 ಪೀಸಿಗೊಮ್ಮೆ ಅಳತೆ ಮತ್ತು ಆಫ್‌ಸೆಟ್ ಚಾರ್ಟ್‌ನಿಂದ. "ಸುಮಾರು" ಅನ್ನುವುದನ್ನು ಬೇಕೆಂದೇ ಇಟ್ಟೆ. ಚಾಕಣದ ಇಂಟರ್‌ವ್ಯೂನಲ್ಲಿ ಪ್ಲಾಂಟ್‌ನವರು ಆ ಸಾಲಿನ ಮೇಲೆ ಪೆನ್ನಿಟ್ಟು, "ಬೋರ್ ಕಿರಿದೇ ಯಾಕಾಯ್ತು, ದೊಡ್ಡದ್ಯಾಕಾಗ್ಲಿಲ್ಲ?" ಅಂತ ಶುರು ಮಾಡಿದವರು ಇಪ್ಪತ್ತು ನಿಮಿಷ ಬಿಡಲಿಲ್ಲ. ಥರ್ಮೋಡೈನಮಿಕ್ಸ್ ಕೇಳಲೇ ಇಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಭಾನುವಾರ ರಾತ್ರಿ, ಮಂಗಳವಾರ ಬೆಳಗ್ಗೆ ಅಂತ ಹೊತ್ತು ನೋಡಿ ಕಳಿಸಿದ್ದರಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಮರಾಠಿಯಲ್ಲಿ ಅರ್ಧ ಪುಟ ಬರೆದು ಭೋಸರಿಯ ಹತ್ತು ಹನ್ನೆರಡು ವರ್ಕ್‌ಶಾಪಿಗೆ ನಡೆದೇ ಕೊಟ್ಟೆ. ಇಬ್ಬರು ಮಾಲೀಕರು ಅದೇ ಸಂಜೆ ಫೋನ್ ಮಾಡಿದರು, ಆದರೆ ಪಗಾರ 12,000 ದಾಟಲಿಲ್ಲ.

ಸಿವಿಯ ತಲೆಯ ಮೂರು ಸಾಲನ್ನು ಕಂಪನಿಗೆ ತಕ್ಕಂತೆ ಹೇಗೆ ತಿರುಗಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ರೂಮಿನವರು ಈಗ ಅದನ್ನೇ ನೆಚ್ಚಿಕೊಂಡು ಅರ್ಜಿ ಹಾಕುತ್ತಿದ್ದಾರೆ.

ರೂಮಿನ ಮೂವರಲ್ಲಿ ಒಂದು ಪುಟ ಬೇಡ ಅಂತ ಹೆಚ್ಚು ವಾದ ಮಾಡಿದವನ ಫೈನಲ್ ಇಯರ್ ಪ್ರಾಜೆಕ್ಟ್, ಬಿತ್ತನೆಗೆ ಕಬ್ಬಿನ ಕಣ್ಣು ಕತ್ತರಿಸುವ ಯಂತ್ರ. ನಿಮಿಷಕ್ಕೆ ಎಷ್ಟು ಕತ್ತರಿಸುತ್ತದೆ ಅಂತ ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಭಾನುವಾರ ಮುಧೋಳಕ್ಕೆ ಫೋನ್ ಹಚ್ಚಿ, ತಮ್ಮನ ಕೈಲಿ ಯಂತ್ರ ಓಡಿಸಿ ಎಣಿಸಿದ. ಯಂತ್ರಕ್ಕೆ 26, ಕೈಗೆ 11. ಸೋಮವಾರ ಅದು ಅವನ ಸಿವಿಗೆ ಸೇರಿತು.