ದೋಷ ಮೊದಲು, ಬೆಲೆ ಆಮೇಲೆ: ವಜ್ರದ ಕೌಂಟರ್‌ನಲ್ಲಿ ನನ್ನ ಅನುಭವ

ಹೋದ ತಿಂಗಳ ಲೆಕ್ಕ ಮುಗಿದ ಮೇಲೆ ನಮ್ಮ ಯಜಮಾನರು ನನ್ನ ಕೌಂಟರ್‌ಗೆ ಬಂದರು. "ಗಿರಾಕಿಗಳ ಕೈಗೆ ಕೊಡ್ತೀಯಲ್ಲ, ಆ ಲೂಪ್ ಇನ್ನೂ ಮೂರು ತರಿಸು" ಅಂದರು. ಲೂಪ್ ಅಂದರೆ ಹರಳಿನ ಒಳಗನ್ನು ದೊಡ್ಡದಾಗಿ ತೋರಿಸುವ ಪುಟ್ಟ ಮಸೂರ. ಆರು ವರ್ಷದ ಹಿಂದೆ ಇವರೇ "ಗಿರಾಕಿ ಕೈಗೆ ಲೂಪ್ ಕೊಡೋದೂ ಒಂದೇ, ಬಾಗಿಲು ತೋರಿಸೋದೂ ಒಂದೇ" ಎಂದು ಎಲ್ಲರೆದುರು ಬೈದಿದ್ದರು. ಆವತ್ತು ನಕ್ಕ ಇಬ್ಬರು ಸಹೋದ್ಯೋಗಿಗಳು ಈಗ ನನ್ನ ಹಾಗೇ ಮಾರುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನಾನು ಮಾಡುವುದು ಇಷ್ಟೇ. ಯಾರೇ ಬರಲಿ, ಮೊದಲು ಕುರ್ಚಿ ಹಾಕುತ್ತೇನೆ. ಹರಳಿನಲ್ಲಿ ಏನು ದೋಷ ಇದೆ ಅನ್ನೋದನ್ನು ಅವರು ಕೇಳುವ ಮುಂಚೆ ನಾನೇ ತೋರಿಸುತ್ತೇನೆ. ಆಮೇಲೆ ಬೆಲೆ ಹೇಳುತ್ತೇನೆ. ಕೇಳೋಕೆ ಸುಲಭ. ಇದು ಸರಿಯಾಗಿ ಕೂರೋಕೆ ನನಗೆ ಎರಡು ವರ್ಷ ಹಿಡಿಯಿತು.

ನನಗೆ ಕಲಿಸಿದ್ದು ಬೇರೆ ರೀತಿ. ನೀವೂ ಇದೇ ಕಸುಬಿನವರಾದರೆ ನಿಮಗೂ ಅದನ್ನೇ ಕಲಿಸಿರುತ್ತಾರೆ. ಬಾಗಿಲಲ್ಲಿ ಕಾಲಿಟ್ಟ ತಕ್ಷಣ ಚಪ್ಪಲಿ ನೋಡು, ವಾಚ್ ನೋಡು, ಬ್ಯಾಗ್ ನೋಡು. ಅರ್ಧ ನಿಮಿಷದಲ್ಲಿ ತೀರ್ಮಾನ ಮಾಡು. ಕೊಳ್ಳುವವರ ಹಾಗೆ ಕಂಡರೆ ನಗು, ಕಾಣದಿದ್ದರೆ ಕೌಂಟರ್ ಒರೆಸುತ್ತಾ ನಿಲ್ಲು. ಮೊದಲ ಪ್ರಶ್ನೆ "ಬಜೆಟ್ ಎಷ್ಟು?" ನಾನೂ ಹಾಗೇ ನಾಲ್ಕೈದು ವರ್ಷ ಮಾರಿದೆ. ಮಾರಾಟ ಆಗುತ್ತಿತ್ತು, ಇಲ್ಲ ಅನ್ನೋದಿಲ್ಲ.

ಬದಲಾಗಿದ್ದು ಒಂದು ಉಂಗುರದಿಂದ. ಮುಕ್ಕಾಲು ಕ್ಯಾರೆಟ್ ತೂಕದ ವಜ್ರ, ಶುದ್ಧತೆಯಲ್ಲಿ ಎಸ್‌ಐ1 (ಸಣ್ಣಪುಟ್ಟ ದೋಷ ಇರುವ ದರ್ಜೆ), ಅಂಚಿನ ಹತ್ತಿರ ಕೂದಲೆಳೆಯಂಥ ಒಂದು ಬಿರುಕು. ಬರಿಗಣ್ಣಿಗೆ ಕಾಣದು. ಹರಳಿನ ಜೊತೆ ಬರುವ ಪರೀಕ್ಷಾ ವರದಿಯ ನಕ್ಷೆಯಲ್ಲಿ ಗುರುತೂ ಇತ್ತು. ನಾನು ವರದಿಯನ್ನು ಮಡಚಿ ಕವರ್‌ನಲ್ಲಿ ಹಾಕಿ ಕೊಟ್ಟೆ, ಬಾಯಿಬಿಟ್ಟು ಹೇಳಲಿಲ್ಲ. ಎಂಟು ತಿಂಗಳ ಮೇಲೆ ಆ ಹೆಣ್ಣುಮಗಳು ವಾಪಸ್ ಬಂದಳು. ಸೈಜ್ ಮಾಡಿಸೋಕೆ ಕೊಟ್ಟ ಕಡೆ ಕೆಲಸದವನು "ಒಳಗೆ ಬಿರುಕಿದೆ, ಮುಂಚೆಯೇ ಇತ್ತು, ಆಮೇಲೆ ನನ್ನ ಮೇಲೆ ಹೇಳ್ಬೇಡಿ" ಅಂದಿದ್ದನಂತೆ. ಅವಳು ಕೂಗಾಡಲಿಲ್ಲ. ಉಂಗುರ ಕೌಂಟರ್ ಮೇಲಿಟ್ಟು, "ನೀವು ಹೇಳಿದ್ರೆ ನಾನು ತಗೋತಿದ್ದೆ. ಹೇಳಲಿಲ್ಲವಲ್ಲ, ಅದಕ್ಕೆ ಬೇಡ" ಅಂದಳು. ಹಣ ಪೂರ್ತಿ ವಾಪಸ್ ಹೋಯಿತು. ನನ್ನ ಕಮಿಷನ್ ಕತ್ತರಿಸಿದರು. ಅದಕ್ಕಿಂತ ಆ ಮಾತೇ ಜಾಸ್ತಿ ಚುಚ್ಚಿತು.

ಮಾರನೇ ವಾರದಿಂದಲೇ ಶುರು ಮಾಡಿದೆ. ಶುರುವಿನಲ್ಲೇ ಎಡವಿದೆ. ಟ್ರೇ ತೆಗೆದ ತಕ್ಷಣ "ನೋಡಿ ಮೇಡಂ, ಇದರಲ್ಲಿ ಬಿರುಕು ಇದೆ" ಎನ್ನುತ್ತಿದ್ದೆ. ಆ ಒಂದು ಪದ ಕಿವಿಗೆ ಬಿದ್ದ ಮೇಲೆ ಯಾರು ಕೂರುತ್ತಾರೆ? ಮೊದಲ ತಿಂಗಳಲ್ಲೇ ಕೊಳ್ಳುವುದಕ್ಕೇ ಬಂದಿದ್ದ ಹತ್ತು ಹನ್ನೊಂದು ಜನ ಎದ್ದು ಹೋದರು. ನನ್ನ ಸಂಬಳದಲ್ಲಿ ಅರ್ಧ ಕಮಿಷನ್‌ದು. ಅದು ಮೂರನೇ ಒಂದು ಭಾಗಕ್ಕೆ ಇಳಿಯಿತು. ಎರಡನೇ ತಿಂಗಳೂ ಅಷ್ಟೇ. ಮೂರನೇ ತಿಂಗಳು ಮನೆ ಬಾಡಿಗೆಗೆ ಅಕ್ಕನ ಹತ್ತಿರ ಕೈಚಾಚಿದೆ. ಯಜಮಾನರು ಬೈದಿದ್ದು ಆಗಲೇ.

ಪಚ್ಚೆಯಲ್ಲಂತೂ ಪೂರ್ತಿ ಸೋತೆ. ಪಚ್ಚೆ ಅಂದಮೇಲೆ ಒಳಗೆ ಗೆರೆ, ಬಿರುಕು ಇದ್ದೇ ಇರುತ್ತದೆ, ಅವು ಎದ್ದು ಕಾಣದಂತೆ ಎಣ್ಣೆ ತುಂಬಿಸುವುದೂ ಮಾಮೂಲು. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ ಅಲ್ವಾ? ಒಬ್ಬರಿಗೆ ಲೂಪ್ ಕೊಟ್ಟು ತೋರಿಸಿದೆ. "ಇದು ಒಡೆದು ಹೋಗಿದೆ, ನನಗೆ ತೋರಿಸ್ತಾ ಇದೀರಲ್ಲ!" ಎಂದು ಎದ್ದೇಬಿಟ್ಟರು. ಆ ವರ್ಷದ ದೊಡ್ಡ ಬಿಲ್ ಆಗಬೇಕಿದ್ದದ್ದು ಬಾಗಿಲು ದಾಟಿ ಹೋಯಿತು.

ನಾಲ್ಕನೇ ತಿಂಗಳಲ್ಲಿ ತಪ್ಪು ಎಲ್ಲಿದೆ ಅಂತ ಹೊಳೆಯಿತು. ನಾನು ತೋರಿಸುತ್ತಿದ್ದದ್ದು ಸರಿ, ತೋರಿಸುವ ಕ್ರಮ ತಪ್ಪು. ಲೂಪ್‌ನಲ್ಲಿ ಕಂಡದ್ದೇ ಅವರ ಕಣ್ಣಲ್ಲಿ ಉಳಿದುಬಿಡುತ್ತಿತ್ತು. ಈಗ ಮೊದಲು ಬರಿಗಣ್ಣಿಗೆ ಕೊಡುತ್ತೇನೆ. ಬೆರಳಿಗೆ ಹಾಕಿಕೊಂಡು ತೋಳಿನಷ್ಟು ದೂರದಲ್ಲಿ ನೋಡಲಿ. ಆಮೇಲೆ ಲೂಪ್. ಆಮೇಲೆ ಮತ್ತೆ ಬರಿಗಣ್ಣು. ಈ ಮೂರನೇ ನೋಟವನ್ನು ಬಿಡಲೇಬೇಡಿ. "ಈಗ ಆ ಚುಕ್ಕೆ ಹುಡುಕಿ ನೋಡೋಣ" ಅಂದರೆ ಅವರು ಹುಡುಕುತ್ತಾರೆ, ಸಿಗುವುದಿಲ್ಲ, ಮುಖ ಸಡಿಲವಾಗುತ್ತದೆ. ಸಿಕ್ಕಿಬಿಟ್ಟರೆ ಆ ಹರಳನ್ನು ನಾನೇ ಪಕ್ಕಕ್ಕಿಡುತ್ತೇನೆ. ಬರಿಗಣ್ಣಿಗೆ ಕಾಣುವುದನ್ನು ಅವರು ದಿನಾ ನೋಡಬೇಕಲ್ಲ.

ಲೂಪ್ ಹಿಡಿಯುವುದನ್ನು ಕಲಿಸುವುದೇ ಒಂದು ಕೆಲಸ. ಎಲ್ಲರೂ ಅದನ್ನು ಭೂತಗನ್ನಡಿ ಥರ ಹರಳಿನ ಮೇಲೆ ಹಿಡಿದು ದೂರದಿಂದ ಬಗ್ಗಿ ನೋಡುತ್ತಾರೆ. ಏನೂ ಕಾಣದು. ಕಂಡಿಲ್ಲ ಎಂದು ಹೇಳೋಕೆ ಸಂಕೋಚ, ಸುಮ್ನೆ "ಹೂಂ, ಹೂಂ" ಎನ್ನುತ್ತಾರೆ. ನಾನು ಅವರ ಪಕ್ಕಕ್ಕೆ ಬಂದು ಕೂರುತ್ತೇನೆ, ಎದುರಿಗಲ್ಲ. ಲೂಪ್ ಹಿಡಿದ ತೋರುಬೆರಳು ಕೆನ್ನೆಗೆ ತಾಗಬೇಕು. ಚಿಮಟ ಹಿಡಿದ ಕೈಯನ್ನು ಆ ಕೈಗೆ ಆನಿಸಬೇಕು, ಇಲ್ಲದಿದ್ದರೆ ನಡುಗುತ್ತದೆ. ಎರಡೂ ಕಣ್ಣು ತೆರೆದಿರಲಿ. ಹರಳನ್ನು ನಿಧಾನವಾಗಿ ಹತ್ತಿರ ತರುತ್ತಾ ಬಂದರೆ, ಹತ್ತು ಪಟ್ಟಿನ ಲೂಪ್‌ಗೆ ಸುಮಾರು ಎರಡೂವರೆ ಸೆಂಟಿಮೀಟರ್‌ನಲ್ಲಿ ಥಟ್ಟನೆ ಎಲ್ಲ ಸ್ಪಷ್ಟವಾಗುತ್ತದೆ. ಆ ಕ್ಷಣ ಅವರ ಬಾಯಿಂದ "ಅಯ್ಯೋ!" ಎಂದೋ "ಓ!" ಎಂದೋ ಬರುತ್ತದೆ. ಅದು ಬರುವವರೆಗೂ ನಾನು ಮಾತಾಡುವುದಿಲ್ಲ. ಒಬ್ಬ ಅಜ್ಜಿ ಐದು ನಿಮಿಷ ಕಷ್ಟಪಟ್ಟು ಕೊನೆಗೆ ನೋಡಿ, "ಒಳಗೆ ಒಂದು ಗರಿ ಇದೆ ಕಣಪ್ಪಾ, ಹಕ್ಕಿ ಪುಕ್ಕದ ಹಾಗೆ" ಅಂದರು. ನಮ್ಮ ಕಸುಬಿನಲ್ಲಿ ಆ ಥರದ ಬಿರುಕಿಗೆ ಫೆದರ್ ಅಂತಲೇ ಹೆಸರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಅದನ್ನೇ ಆರಿಸಿಕೊಂಡರು. ತಮ್ಮ ಹರಳು ಯಾವುದು ಅಂತ ಇನ್ನು ಎಲ್ಲಿಟ್ಟರೂ ಗೊತ್ತಾಗುತ್ತದೆ ಅಂತ ಹೇಳಿ ಹೋದರು.

ಪದವನ್ನೂ ಬದಲಿಸಿದೆ. ಕಾಣುವುದಕ್ಕೆಲ್ಲ "ಬಿರುಕು" ಎನ್ನುವುದಿಲ್ಲ, "ಗುರುತು" ಎನ್ನುತ್ತೇನೆ. ಆದರೆ ಅದು ಹೊರಮೈಗೆ ಬಂದು ತಾಗುವ ಬಿರುಕಾಗಿದ್ದರೆ ಬಿರುಕು ಅಂತಲೇ ಹೇಳಿ, ಏಟು ಬಿದ್ದರೆ ಏನಾಗಬಹುದು ಎಂದೂ ಹೇಳುತ್ತೇನೆ. ಇಲ್ಲಿ ಮಾತು ಮೆತ್ತಗೆ ಮಾಡಿದರೆ ಈ ಕ್ರಮಕ್ಕೇ ಅರ್ಥವಿಲ್ಲ.

ಹಣದ ವಿಷಯದಲ್ಲಿ ನಮ್ಮವರಿಗೆ ಹೆಚ್ಚು ಸಿಟ್ಟು ಬಂದದ್ದು 90 ಸೆಂಟ್ ಹರಳಿನಿಂದ. ಒಂದು ಕ್ಯಾರೆಟ್ ಕೇಳಿಕೊಂಡು ಬರುವವರಿಗೆ ನಾನು 0.90 ಕ್ಯಾರೆಟ್‌ನದನ್ನೂ ಪಕ್ಕದಲ್ಲಿ ಇಡುತ್ತೇನೆ. ದುಂಡು ಕಟಿಂಗ್‌ನಲ್ಲಿ ಒಂದು ಕ್ಯಾರೆಟ್ ಸುಮಾರು 6.5 ಮಿಲಿಮೀಟರ್ ಅಗಲ, 0.90 ಸುಮಾರು 6.2. ಬೆರಳಿನ ಮೇಲೆ ಆ ವ್ಯತ್ಯಾಸ ಯಾರಿಗೂ ತಿಳಿಯದು. ಬೆಲೆಯಲ್ಲಿ ಮಾತ್ರ, ಒಂದರ ಗಡಿ ದಾಟಿದ ಕೂಡಲೇ ಪ್ರತಿ ಕ್ಯಾರೆಟ್‌ನ ದರವೇ ಜಿಗಿಯುತ್ತದೆ. ನಮ್ಮಲ್ಲಿ ಬಣ್ಣ, ಶುದ್ಧತೆ ಒಂದೇ ಇದ್ದರೂ ಐದನೇ ಒಂದು ಭಾಗದಷ್ಟು ಉಳಿಯುತ್ತಿತ್ತು. ಒಮ್ಮೆ ಒಂದು ಕ್ಯಾರೆಟ್ ಕೇಳಿಕೊಂಡು ಬಂದ ದಂಪತಿಗಳು ಹೀಗೆ 0.90 ಆರಿಸಿಕೊಂಡಾಗ ನಮ್ಮವರು "ಕೈಗೆ ಬಂದದ್ದನ್ನು ನೀನೇ ತಳ್ಳಿದೆ" ಎಂದರು. ತಳ್ಳಿದ್ದು ನಿಜ. ಆ ದಂಪತಿಗಳು ಉಳಿದ ಹಣವನ್ನು ಜೇಬಿಗೆ ಇಳಿಸಲಿಲ್ಲ, ಅದರಲ್ಲಿ ಇನ್ನೂ ಒಳ್ಳೆಯ ಕಟಿಂಗ್‌ನ ಹರಳು ತೆಗೆದುಕೊಂಡರು. ಎರಡು ವರ್ಷದಲ್ಲಿ ಅವರ ಕಡೆಯಿಂದ ಐದು ಮನೆಯವರು ಬಂದರು, ಬಂದವರೆಲ್ಲ ನನ್ನನ್ನೇ ಕೇಳಿದರು.

ಇನ್ನೊಂದು, ಓಲೆಗಳ ಚೀಟಿಯಲ್ಲಿ ಬರೆಯುವ "ಒಟ್ಟು 1 ಕ್ಯಾರೆಟ್". ಇಪ್ಪತ್ತು ಸಣ್ಣ ಹರಳು ಕೂಡಿಸಿ ಒಂದು ಕ್ಯಾರೆಟ್ ಆದದ್ದಕ್ಕೂ ಒಂದೇ ಹರಳು ಒಂದು ಕ್ಯಾರೆಟ್ ಇರುವುದಕ್ಕೂ ಬೆಲೆಯಲ್ಲಿ ಭೂಮಿ ಆಕಾಶದ ಅಂತರ. ಚೀಟಿ ಓದಿ ಹಿಗ್ಗಿದವರನ್ನು ಹಾಗೇ ಹಿಗ್ಗಲು ಬಿಟ್ಟು ಮಾರಬೇಡಿ. ಆಮೇಲೆ ಬೇರೆಯವರಿಂದ ತಿಳಿದಾಗ ಅವರಿಗೆ ಆಗುವ ಅವಮಾನ ನಾನು ಕಣ್ಣಾರೆ ನೋಡಿದ್ದೇನೆ.

ನಡುವೆ ಒಂದು ಪ್ರಯೋಗ ಮಾಡಿದೆ. ಬಟ್ಟೆ ನೋಡಿ ತೀರ್ಮಾನಿಸುವ ನಮ್ಮ ಕಲೆ ಎಷ್ಟು ನಿಜ ಅಂತ ನೋಡೋಣ ಎಂದು ಸಣ್ಣ ಪುಸ್ತಕ ಇಟ್ಟುಕೊಂಡೆ. ಬಾಗಿಲಲ್ಲಿ ಕಂಡ ತಕ್ಷಣ "ಖಂಡಿತ", "ಆಗಬಹುದು", "ಇಲ್ಲ" ಎಂದು ಗುರುತು ಹಾಕುವುದು, ಹೋದ ಮೇಲೆ ಏನಾಯಿತೆಂದು ಬರೆಯುವುದು. ನಾಲ್ಕು ತಿಂಗಳಲ್ಲಿ ಇನ್ನೂರು ಜನ ಇದ್ದಿರಬೇಕು. "ಖಂಡಿತ" ಎಂದ ಎಪ್ಪತ್ತರಲ್ಲಿ ಕೊಂಡವರು ಮೂವತ್ತು ಚಿಲ್ಲರೆ. "ಇಲ್ಲ" ಎಂದ ತೊಂಬತ್ತರಲ್ಲಿ ಇಪ್ಪತ್ತೈದು ಜನ ಕೊಂಡರು. ಅದರಲ್ಲಿ ಆರೇಳು ಬಿಲ್ ಆ ವರ್ಷದ ನನ್ನ ದೊಡ್ಡ ಬಿಲ್‌ಗಳ ಪಟ್ಟಿಯಲ್ಲಿವೆ. ಹತ್ತು ವರ್ಷದ ಅನುಭವದ ಕಣ್ಣು ನನ್ನದು. ಅದೇ ಇಷ್ಟು ತಪ್ಪಿದರೆ ಹೊಸ ಹುಡುಗರ ಕಣ್ಣಿನ ಗತಿಯೇನು? ಆ ಪುಸ್ತಕ ಯಜಮಾನರ ಮೇಜಿನ ಮೇಲಿಟ್ಟೆ. ಅವರು ಏನೂ ಹೇಳಲಿಲ್ಲ. ಆದರೆ ಮರುದಿನದಿಂದ ಬಾಗಿಲ ಹತ್ತಿರ ನಿಂತು ಅಳೆಯುವ ಹುಡುಗನನ್ನು ಒಳಗೆ ಕರೆಸಿಕೊಂಡರು.

ದೀಪದ ಪ್ರಯೋಗವೂ ಮಾಡಿದ್ದೇನೆ. ನಮ್ಮ ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಗಾಜೂ ಮಿನುಗುತ್ತದೆ. ಈಗ ಪ್ರತಿಯೊಂದನ್ನೂ ಕಿಟಕಿ ಹತ್ತಿರ ಒಯ್ದು ನೋಡಿಸುತ್ತೇನೆ, ಅದಕ್ಕೆಂದೇ ಅಲ್ಲೊಂದು ಸಣ್ಣ ಮೇಜು ಹಾಕಿಸಿಕೊಂಡೆ. ಬಣ್ಣ ನೋಡೋಕೆ ಹರಳನ್ನು ಬಿಳಿ ಕಾಗದದ ಮೇಲೆ ಮಗುಚಿ ಇಡುವುದು ನಿಮಗೆ ಗೊತ್ತೇ ಇದೆ, ಅದನ್ನು ಗಿರಾಕಿಯ ಕೈಯಲ್ಲೇ ಮಾಡಿಸಿ. ಬಣ್ಣದ ದರ್ಜೆಯಲ್ಲಿ ಜಿ ಮತ್ತು ಅದಕ್ಕಿಂತ ತುಸು ಹಳದಿಯಾದ ಜೆ, ಈ ಎರಡನ್ನು ಪಕ್ಕ ಪಕ್ಕ ಇಟ್ಟರೆ ಹೆಚ್ಚಿನವರಿಗೆ ವ್ಯತ್ಯಾಸ ಕಾಣುತ್ತದೆ. ಅದೇ ಹಳದಿ ಚಿನ್ನದಲ್ಲಿ ಕೂರಿಸಿದ ಮೇಲೆ ಕೇಳಿದರೆ ಅನೇಕರು ತಡಕಾಡುತ್ತಾರೆ. ಇಷ್ಟನ್ನು ತಾವೇ ಕಂಡುಕೊಂಡವರು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ ಎಂದು ತಾವೇ ಹೇಳುತ್ತಾರೆ. ವೆಲ್ವೆಟ್‌ನ ಬಣ್ಣ ಬದಲಿಸಿಯೂ ನೋಡಿದೆ, ಕಪ್ಪು, ಬಿಳಿ, ಬೂದಿ. ಯಾವುದು ಉಳಿಸಿಕೊಂಡೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಎಷ್ಟನೇ ಟ್ರೇಯಲ್ಲಿ ನಿಲ್ಲಿಸುತ್ತೇನೆ ಅನ್ನೋದನ್ನೂ ಅಷ್ಟೇ. ನನಗೂ ಹೊಟ್ಟೆಪಾಡಿದೆ.

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಬಂದ ಮೇಲೆ ಈ ಕ್ರಮ ಇನ್ನೂ ಕೆಲಸಕ್ಕೆ ಬಂತು. ಅದೂ ಇಂಗಾಲವೇ, ಅದೂ ವಜ್ರವೇ. ಕೈಯಲ್ಲಿ ಹಿಡಿಯುವ ಸಾಮಾನ್ಯ ಟೆಸ್ಟರ್ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ. ಕೆಲವು ಕಡೆ ಗಿರಾಕಿ ಕೇಳಿದರೆ ಮಾತ್ರ ಹೇಳುತ್ತಾರೆ. ನಾನು ಟ್ರೇಯನ್ನೇ ಬೇರೆ ಮಾಡಿದ್ದೇನೆ. "ಇದು ಬೆಳೆಸಿದ್ದು, ಇದು ಗಣಿಯದ್ದು. ಬೆಳೆಸಿದ್ದನ್ನು ನಾಳೆ ಮಾರೋಕೆ ಹೋದರೆ ಕೈಗೆ ತುಂಬಾ ಕಡಿಮೆ ಬರುತ್ತೆ, ಹಾಕಿಕೊಂಡು ಸಂತೋಷಪಡೋಕೆ ಆದರೆ ತಗೊಳ್ಳಿ" ಎಂದು ಮೊದಲೇ ಹೇಳುತ್ತೇನೆ. ಹಾಗೆ ಹೇಳಿ ಮಾರಿದ್ದರಲ್ಲಿ ಒಂದೂ ಜಗಳವಾಗಿ ವಾಪಸ್ ಬಂದಿಲ್ಲ.

ಹಳೆಯ ಉಂಗುರ ತೊಳೆಸಿಕೊಳ್ಳೋಕೆ ಬರುವವರನ್ನೂ ನಾನು ಕೂರಿಸುತ್ತೇನೆ. ಅಲ್ಲಿ ಏನೂ ಮಾರಾಟವಿಲ್ಲ ಎಂದು ನಮ್ಮವರು ಬಟ್ಟಲಲ್ಲಿ ಹಾಕಿ ಕಳಿಸುತ್ತಿದ್ದರು. ತೊಳೆಯುವ ಮುಂಚೆ ಅವರದೇ ಉಂಗುರವನ್ನು ಲೂಪ್‌ನಲ್ಲಿ ಅವರಿಗೇ ತೋರಿಸಿ. ಹರಳನ್ನು ಹಿಡಿದಿಡುವ ಕೊಕ್ಕೆ, ಅಂದರೆ ಪ್ರಾಂಗ್, ಸವೆದು ಕಾಗದದಷ್ಟು ತೆಳ್ಳಗಾಗಿರುತ್ತದೆ, ನೂಲು ಸಿಕ್ಕಿಕೊಂಡಿರುತ್ತದೆ. ತೊಳೆದರೆ ಕೊಳೆ ಹೋಗಿ ಹರಳು ಅಲುಗಾಡುತ್ತದೆ, ಆಗ "ನೀವೇ ಸಡಿಲ ಮಾಡಿದಿರಿ" ಅನ್ನುತ್ತಾರೆ. ಮೊದಲೇ ನೋಡಿದ್ದರೆ ಆ ಮಾತು ಬರುವುದಿಲ್ಲ. ಪಚ್ಚೆ ಇದ್ದರೆ ಕಂಪನದಿಂದ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಲೇಬೇಡಿ. ನಾನು ಒಮ್ಮೆ ಆತುರದಲ್ಲಿ ಹಾಕಿ, ಎಣ್ಣೆ ಬಿಟ್ಟುಹೋಗಿ ಗೆರೆಗಳೆಲ್ಲ ಎದ್ದು ಕಂಡವು. ಮತ್ತೆ ಎಣ್ಣೆ ಹಾಕಿಸಿಕೊಟ್ಟದ್ದು ನನ್ನ ಜೇಬಿನಿಂದ, ಒಂದು ವಾರದ ಸಂಬಳ ಹೋಯಿತು.

ಈಗಿನ ಲೆಕ್ಕ ಹೇಳುತ್ತೇನೆ. ಮೊದಲು ನೂರು ಮಾರಿದರೆ ಎಂಟೊಂಬತ್ತು ವಾಪಸ್ ಬರುತ್ತಿದ್ದವು. ಈಗ ಎರಡು, ಅದೂ ಹೆಚ್ಚಾಗಿ ಸೈಜ್‌ಗೆ. ಒಂದೊಂದು ಗಿರಾಕಿಗೆ ಹಿಡಿಯುವ ಸಮಯ ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆಗೆ ಏರಿದೆ. ದಿನಕ್ಕೆ ಮಾರುವ ಸಂಖ್ಯೆ ಕಡಿಮೆಯಾಗಿದೆ, ಬಿಲ್ ದೊಡ್ಡದಾಗಿದೆ. ಕಮಿಷನ್ ಎರಡನೇ ವರ್ಷದ ಕೊನೆಗೆ ಹಳೆಯ ಮಟ್ಟಕ್ಕೆ ಬಂತು, ಈಗ ಅದರ ಸುಮಾರು ಒಂದೂಮುಕ್ಕಾಲು ಪಟ್ಟು. ಅಕ್ಕನ ಸಾಲ ತೀರಿಸಿ ಯಾವ ಕಾಲವಾಯಿತು.

ಸೈಜ್‌ಗೆ ವಾಪಸ್ ಬರುವ ಆ ಎರಡನ್ನೂ ನಿಲ್ಲಿಸಬೇಕೆಂದು ಈಗ ಹಿಂದೆ ಬಿದ್ದಿದ್ದೇನೆ. ಬೆರಳು ಚಳಿಗೆ ಸಣ್ಣದಾಗುತ್ತದೆ, ಸೆಕೆಗೆ ಊದುತ್ತದೆ. ಬೆಳಿಗ್ಗೆ ಅಳತೆ ತೆಗೆದುಕೊಂಡವರನ್ನು "ಸಂಜೆ ಒಮ್ಮೆ ಬಂದು ಮತ್ತೆ ಅಳೆಸಿ" ಎಂದು ಕೇಳಿಕೊಳ್ಳುತ್ತಿದ್ದೇನೆ. ಇಲ್ಲಿಯವರೆಗೆ ಮೂವತ್ತು ಜನ ಬಂದಿದ್ದಾರೆ. ಅವರಲ್ಲಿ ಹತ್ತಿರ ಹತ್ತು ಜನಕ್ಕೆ ಅರ್ಧ ಸೈಜ್ ಬೇರೆಯೇ ಬಂತು.